ಆಪಾ ತುಂಬಿದ ಉಡಿ

ಮೊನ್ನೆ ನೀವಿಬ್ಬರೂ ಪಡಸಾಲೆಯಲ್ಲಿ ಕುಳಿತು ಆ ದೊಡ್ಡ ರಟ್ಟಿನ ಡಬ್ಬಿ ಬಿಚ್ಚಿದಿರಲ್ಲ, ಆಗ ಒಂದು ವಾಸನೆ ಬಂತು. ಹೊಸ ರಬ್ಬರು, ಒಂದಿಷ್ಟು ಅಂಟು, ಬಿಸಿಲಿಗೆ ಕಾದ ತಗಡು... ಎಲ್ಲ ಸೇರಿದಂಥ ವಾಸನೆ. ಡಬ್ಬಿಯೊಳಗಿಂದ ಬೆಳ್ಳಿ ಬಣ್ಣದ ಸಣ್ಣ ಚೀಲವೊಂದು ಹೊರಬಂತು. ಮುಟ್ಟಿದರೆ ಚರಚರ ಸಪ್ಪಳ ಮಾಡುವಂಥದ್ದು. ನೀವು ಅದನ್ನು ಹಾಗೇ ಬಿಟ್ಟು ಗ್ರಾಫಿಕ್ಸ್ ಕಾರ್ಡ್ ಯಾವುದು ತರಬೇಕೆಂದು ಜಗಳಕ್ಕೆ ಬಿದ್ದಿರಿ. ಅಕ್ಕನಿಗೆ ವಿಡಿಯೊ ಜೋಡಿಸುವ ಕೆಲಸಕ್ಕೆ ಕಂಪ್ಯೂಟರ್ ಬೇಕು, ತಮ್ಮನಿಗೆ ಆಟಕ್ಕೆ ಬೇಕು, ಮನೆಯಲ್ಲಿರುವುದು ಒಂದೇ ಮೇಜು. ನಾನು ಆ ಚೀಲವನ್ನೆತ್ತಿ ತೊಡೆಯ ಮೇಲೆ ಇಟ್ಟುಕೊಂಡೆ.

"ಅಜ್ಜಿ, ಅದ್ರಾಗ ಏನದ ಗೊತ್ತದೇನು ನಿನಗ?" ಎಂದು ತಮ್ಮ ನಕ್ಕ.

ಗೊತ್ತಿತ್ತು. ಆದರೆ ನನಗೆ ನಾಲ್ಕು ಮಂದಿಯ ಮುಂದೆ ಮಾತು ಬರುವುದಿಲ್ಲ, ಅದು ನಿಮಗೆ ತಿಳಿದದ್ದೇ. ಅದಕ್ಕೇ ಬರೆಯುತ್ತಿದ್ದೇನೆ. ಊರ ಶಾಲೆಯಲ್ಲಿ ಏಳನೆಯ ತರಗತಿಯ ತನಕ ಕಲಿತದ್ದು ಇಷ್ಟಕ್ಕಾದರೂ ಬರಲಿ.

ಅದು ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ. ನಾರಾಯಣಪುರದ ಅಣೆಕಟ್ಟಿನಲ್ಲಿ ಗೇಟು ಏರಿಸಿ ಇಳಿಸುವ ಕೆಲಸ ಅವರದು. ಅವರು ಹೋದ ಮೇಲೆ ಕ್ವಾರ್ಟರ್ಸ್ ಬಿಡಬೇಕಾಯಿತು. ನಾನು ಮತ್ತು ನಿಮ್ಮ ತಾಯಿ ಶಹಾಪುರಕ್ಕೆ ಬಂದು ಒಂದು ಖೋಲಿ ಬಾಡಿಗೆ ಹಿಡಿದೆವು. ನಿಮ್ಮ ತಾಯಿ ಆಗಷ್ಟೇ ಡಿಪ್ಲೊಮಾ ಮುಗಿಸಿದ್ದಳು, ಕಂಪ್ಯೂಟರಿನಲ್ಲಿ ನಕ್ಷೆ ತೆಗೆಯುವುದನ್ನು ಕಲಿತಿದ್ದಳು. ಕಾಲುವೆಗಳ ನಕ್ಷೆ ಮಾಡಿಕೊಡುವ ಒಂದು ಖಾಸಗಿ ಆಫೀಸಿನವರು ಅವಳ ಕೆಲಸ ನೋಡಿ ಮೆಚ್ಚಿದರು. ಆದರೆ ಅಲ್ಲಿ ಕೂರಲು ಜಾಗವಿರಲಿಲ್ಲ. "ಸ್ವಂತ ಮಷೀನ್ ಇದ್ರ ಮನ್ಯಾಗ ಕೂತು ಮಾಡಿಕೊಡು" ಎಂದರು. ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಲ್ಲಿಸಿದ ಮೇಲೆ ದುರಸ್ತಿಯ ಕೆಲಸ ಶುರುವಾಗುತ್ತದೆ. ನೀರು ನಿಲ್ಲುವಷ್ಟರಲ್ಲಿ ಮಷೀನು ಸಿದ್ಧವಿದ್ದರೆ ಕೆಲಸ ಅವಳಿಗೆ, ಇಲ್ಲದಿದ್ದರೆ ಬೇರೆಯವರಿಗೆ.

ಅತ್ತ ಕಕ್ಕೇರಾದಿಂದ ನನ್ನ ಅಣ್ಣ ಬಂದು ಹೇಳಿಹೋಗಿದ್ದ. "ತಾಯಿ ಮಗಳು ಇಬ್ಬರ ಪ್ಯಾಟ್ಯಾಗ ಹ್ಯಾಂಗ ಇರ್ತೀರಿ ತಂಗಿ? ಈ ಕೆಲಸ ಕೂಡಿ ಬರಲಿಲ್ಲಂದ್ರ ಗಂಟುಮೂಟಿ ಕಟ್ಟಿ ನಮ್ಮ ಮನಿಗಿ ಬಂದುಬಿಡು. ಹುಡುಗಿಗೆ ಒಂದು ವರ ನೋಡಿದ್ರಾತು." ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಆದರೆ ಅಲ್ಲಿಗೆ ಹೋದರೆ ನಿಮ್ಮ ತಾಯಿಯ ನಕ್ಷೆ ಅಲ್ಲಿಗೇ ಮುಗಿಯಿತು ಎಂದು ನನಗೆ ಗೊತ್ತಿತ್ತು.

ಇನ್ನೊಂದು ಮಾತು. ತಂದೆ ಹೋದ ದಿನದಿಂದ ನಿಮ್ಮ ತಾಯಿ ಮಾತು ಬಿಟ್ಟಿದ್ದಳು. ಊಟ ಬೇಕೇ ಎಂದರೆ ತಲೆ ಆಡಿಸುವಳು, ಅಷ್ಟೆ. ನಗುವಂತೂ ದೂರವೇ ಉಳಿಯಿತು. ನಾರಾಯಣಪುರದಲ್ಲಿದ್ದಾಗ ರವಿವಾರ ಸಂಜೆ ಅಪ್ಪ ಮಗಳು ಸಿಬ್ಬಂದಿಯ ಕ್ಲಬ್ಬಿಗೆ ಹೋಗಿ ಅಲ್ಲಿದ್ದ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡುತ್ತಿದ್ದರು. ಆಡುವವಳು ಅವಳು, ಪಕ್ಕದಲ್ಲಿ ಕೂರುವವರು ಅವರು. ಪರದೆಯ ಮೇಲೆ ಕಾರು ಎಡಕ್ಕೆ ತಿರುಗಿದರೆ ನಿಮ್ಮ ಅಜ್ಜನ ಮೈಯೂ ಎಡಕ್ಕೆ ವಾಲುತ್ತಿತ್ತು...

ಕಂಪ್ಯೂಟರ್ ತರುವುದೆಂದರೆ ಅಂಗಡಿಗೆ ಹೋಗಬೇಕು, ಗಂಡಸರ ಮುಂದೆ ನಿಂತು ಮಾತಾಡಬೇಕು. ಒಂದೆರಡು ಅಂಗಡಿಗಳ ಮೆಟ್ಟಿಲ ತನಕ ಹೋಗಿ ಹಾಗೇ ತಿರುಗಿ ಬಂದೆವು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಸಣ್ಣ ಅಂಗಡಿಯಲ್ಲಿ ಮಾತ್ರ ಹೆಂಗಸೊಬ್ಬರು ಸ್ಕ್ರೂಡ್ರೈವರ್ ಹಿಡಿದು ಕುಳಿತದ್ದು ಕಂಡಿತು. ತಲೆಯ ಮೇಲೆ ಓಢಣಿ, ಮೂಗಿನ ತುದಿಗೆ ಚಾಳೀಸು. ಆ ಅಂಗಡಿ ಅವರ ತಮ್ಮನದಂತೆ, ಅವನು ದುಡಿಯಲು ಹೈದರಾಬಾದಿಗೆ ಹೋದ ಮೇಲೆ ಇವರೇ ನಡೆಸುತ್ತಿದ್ದರು. ಓಣಿಯವರೆಲ್ಲ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

"ಬರ್ರಿ ಅಕ್ಕಾ, ಒಳಗ ಬರ್ರಿ. ಬಾಗಲ ಕಾಯಾಕ ನಾ ಯಾರಿಗೂ ಪಗಾರ ಕೊಡಂಗಿಲ್ಲ!" ಇದು ಅವರು ಆಡಿದ ಮೊದಲ ಮಾತು.

ಒಳಗೆ ಹೋಗಿ ಕಂಪ್ಯೂಟರ್ ಬೇಕೆಂದು ಹೇಳಿದೆ. "ಕೆಲಸಕ್ಕೋ, ಆಟಕ್ಕೋ?" ಎಂದು ಕೇಳಿದರು.

"ಕೆಲಸಕ್ಕರಿ. ಈಕಿ ಕಾಲುವಿ ನಕ್ಷಾ ತೆಗಿತಾಳ."

ಆಪಾ ನಿಮ್ಮ ತಾಯಿಯನ್ನು ನೋಡಿದರು. ಅಂಗಡಿಯ ಮೂಲೆಯಲ್ಲಿ ಅವರ ಸ್ವಂತ ಕಂಪ್ಯೂಟರಿತ್ತು, ಅದರಲ್ಲಿ ಕಾರಿನ ಆಟವೊಂದು ತಾನಾಗಿ ಓಡುತ್ತಿತ್ತು. ನಿಮ್ಮ ತಾಯಿಯ ಕಣ್ಣು ಅಲ್ಲಿಂದ ಕದಲಿರಲಿಲ್ಲ.

"ನೀ ಏನಂತಿ ಬೇಟಿ? ಆಟಾನೂ ಬೇಕಲ್ಲ?"

ಅವಳು ತಲೆ ತಗ್ಗಿಸಿದಳು. ನಾನೇ ಹೇಳಿದೆ, "ಆಟ ಬ್ಯಾಡ್ರಿ ಆಪಾ. ಮನಿ ಯಜಮಾನ್ರು ಹೋಗ್ಯಾರ. ಮಂದಿ ಏನಂದಾರು?"

"ಮಂದಿಗೇನ್ರಿ, ಕೂತ್ರೂ ಅಂತಾರ, ನಿಂತ್ರೂ ಅಂತಾರ. ನಿಮಗ ಒಂದು ಮಾತು ಹೇಳ್ತೀನಿ. ಈ ಗ್ರಾಫಿಕ್ಸ್ ಕಾರ್ಡ್ ಅದಲ್ಲ, ನಕ್ಷಾ ಹೊಳ್ಳಿಸಿ ತೋರಸೂದೂ ಇದ, ಕಾರ್ ಓಡಸೂದೂ ಇದ. ಎತ್ತು ಒಂದ. ಗಳೇಕ ಹೂಡ್ರಿ, ಬಂಡಿಗಿ ಹೂಡ್ರಿ. ಹೊಲಕ್ಕಷ್ಟ ಹೋಗು, ಜಾತ್ರಿಗಿ ಹೋಗಬ್ಯಾಡ ಅಂತ ಎತ್ತಿಗೆ ಯಾರರೆ ಹೇಳ್ತಾರೇನು?"

ನಿಮ್ಮ ತಾಯಿ ಮೆಲ್ಲಗೆ, "ಎರಡೂ ಬೇಕ್ರಿ" ಎಂದಳು. ಎಷ್ಟು ತಿಂಗಳ ಮೇಲೆ ಅವಳು ಬೇರೆಯವರೊಂದಿಗೆ ಮಾತಾಡಿದ್ದಳೋ... ಎರಡಕ್ಕೂ ಆಗುವಂಥದ್ದನ್ನೇ ತೋರಿಸಿರೆಂದೆ.

ಆಮೇಲೆ ಒಂದೊಂದೇ ಸಾಮಾನು ಆರಿಸುವುದು ನಡೆಯಿತು. ದಿನಾ ಮಧ್ಯಾಹ್ನ ಹೋಗಿ ಕೂರುತ್ತಿದ್ದೆವು. ನನಗೆ ಏನೂ ತಿಳಿಯದೆಂದು ಆಪಾ ನನ್ನನ್ನು ಬದಿಗೆ ಸರಿಸಲಿಲ್ಲ. "ಅಕ್ಕಾ, ರೊಟ್ಟಿ ಬಡಿತೀರಿಲ್ಲ? ಹಂಗಂದ್ರ ಕೇಳ್ರಿ. ಈ ಪ್ರೊಸೆಸರ್ ಅಂದ್ರ ಒಲಿ. ರ‍್ಯಾಮ್ ಅಂದ್ರ ರೊಟ್ಟಿ ಬಡಿಯೋ ಹಲಗಿ, ಅದು ಅಗಲ ಇದ್ದಷ್ಟು ಕೈ ಆಡ್ತದ. ಗ್ರಾಫಿಕ್ಸ್ ಕಾರ್ಡ್ ಹಂಚು. ಬಂದವರೆಲ್ಲ ದೊಡ್ಡ ಹಂಚು ಕೊಡು ಅಂತಾರ. ಒಲಿ ಸಣ್ಣದಿಟ್ಟು ಹಂಚು ದೊಡ್ಡದಿಟ್ರ ಏನಾಗತದ?"

"ನಡುವ ಸುಡತದರಿ. ಅಂಚು ಹಸಿ ಉಳಿತದ."

"ಹಾಂ! ನೋಡು ಬೇಟಿ, ನಿಮ್ಮವ್ವ ಅರ್ಧ ಕಂಪ್ಯೂಟರ್ ಕಲ್ತಾಳ."

ಕರೆಂಟು ಕೊಡುವ ಡಬ್ಬಿಯನ್ನು ಅಗ್ಗದ್ದು ತರೋಣವೆಂದು ನಾನು ಅಂದಾಗ ಆಪಾ ಹಣೆ ಹಣೆ ಬಡಿದುಕೊಂಡರು. "ಒಲಿ ಚಲೋದು ತಂದು ಹಸಿ ಕಟ್ಟಿಗಿ ಹಾಕ್ತೀರೇನ್ರಿ?" ಬಣ್ಣದ ದೀಪ ಹತ್ತುವ ಕ್ಯಾಬಿನೆಟ್ಟನ್ನು ನಿಮ್ಮ ತಾಯಿ ಆಸೆಯಿಂದ ನೋಡಿದಾಗ, "ಲೈಟ್ ನೋಡಾಕ ದರ್ಗಾದ ಉರುಸ್ ಅದ ಬೇಟಿ, ಇದು ಬ್ಯಾಡ" ಎಂದು ಜಾಳಿಗೆಯಿರುವ ಕರಿ ತಗಡಿನದನ್ನು ಮುಂದಿಟ್ಟರು. ನಮ್ಮ ಊರ ಧೂಳು, ಹತ್ತಿಯ ನಾರು ಒಳಗೆ ಹೋಗಬಾರದು, ಬೇಸಿಗೆಯ ಕಾವು ಹೊರಗೆ ಹೋಗಬೇಕು, ಅದಕ್ಕೆ ಎರಡು ಫ್ಯಾನು. ಹೀಗೆ ಒಂದಕ್ಕೊಂದು ಹೊಂದುವಂತೆ ನೋಡಿ ನೋಡಿ ಆರಿಸಿದೆವು. ಸಾಮಾನು ಹೈದರಾಬಾದಿನಿಂದ ಬಸ್ಸಿನಲ್ಲಿ ಬರುತ್ತಿತ್ತು. ಬಂದದ್ದನ್ನು ಮನೆಗೆ ಒಯ್ದು ಇಡಲು ಹೇಳಿದರು. ಜೋಡಿಸುವುದು ನಿಮ್ಮ ತಾಯಿಯೇ, ತಾವು ಬಂದು ಪಕ್ಕದಲ್ಲಿ ಕೂರುವುದಾಗಿ ಹೇಳಿದರು. "ತನ್ನ ಕೈಲೆ ಕೂಡಿಸಿದ್ರ ಅಂಜಿಕಿ ಹೋಗತದ."

ಕೊನೆಗೆ ಬಂದದ್ದು ರ‍್ಯಾಮ್. ಬೆಳ್ಳಿ ಬಣ್ಣದ ಚೀಲದಲ್ಲಿ ಒಂದು ಗೇಣಿಗಿಂತ ಸಣ್ಣ ಹಸಿರು ಪಟ್ಟಿ, ಅದರ ಅಂಚಿಗೆ ಸಾಲಾಗಿ ಬಂಗಾರದ ಹಲ್ಲು. ಥೇಟು ಒಡವೆಯ ಹಾಗೆ. ನಮ್ಮಲ್ಲಿ ಹೊಸ ಒಡವೆಯನ್ನಾಗಲಿ ಪಾತ್ರೆಯನ್ನಾಗಲಿ ಸೆರಗಿನಿಂದ ಒರೆಸಿ ಹಿರಿಯರ ಮುಂದಿಟ್ಟೇ ಬಳಸುವುದು. ಮನೆಗೆ ಬಂದವಳೇ ಅದನ್ನು ಚೀಲದಿಂದ ತೆಗೆದೆ, ನಾನುಟ್ಟಿದ್ದ ನೈಲಾನ್ ಸೀರೆಯ ಸೆರಗಿನಿಂದ ಆ ಬಂಗಾರದ ಹಲ್ಲುಗಳು ಹೊಳೆಯುವಂತೆ ಚೆನ್ನಾಗಿ ಉಜ್ಜಿ ಒರೆಸಿದೆ, ನಿಮ್ಮ ಅಜ್ಜನ ಫೋಟೊದ ಮುಂದೆ ಇಟ್ಟು ಕೈಮುಗಿದೆ.

ಶುಕ್ರವಾರ ಆಪಾ ಬಂದರು. ನಿಮ್ಮ ತಾಯಿ ಒಂದೊಂದನ್ನೇ ಜೋಡಿಸಿದಳು. ಬಟನ್ ಒತ್ತಿದಾಗ ಫ್ಯಾನು ತಿರುಗಿತು, ಆದರೆ ಪರದೆ ಕರ್ರಗೆ ಉಳಿಯಿತು. ಒಳಗಿನಿಂದ ಕುಯ್ ಕುಯ್ ಎಂಬ ಕೂಗು ಮಾತ್ರ. ಆಪಾ ಎಲ್ಲ ಬಿಚ್ಚಿ ನೋಡಿದರು, ರ‍್ಯಾಮನ್ನು ಕೈಯಲ್ಲಿ ಹಿಡಿದು ಕೇಳಿದರು, "ಇದನ್ನ ಯಾರರೆ ಚೀಲದಿಂದ ತೆಗೆದಿದ್ರೇನು?"

ಹೇಳಿದೆ. ಹೇಗೆ ಒರೆಸಿದೆ ಎಂದು ಸೆರಗು ಹಿಡಿದು ತೋರಿಸಿದೆ. ಆಪಾ ಬೈಯಲಿಲ್ಲ. ಹಳೆಯ ಪೇಪರೊಂದನ್ನು ಚೂರುಚೂರು ಹರಿದು ನೆಲಕ್ಕೆ ಚೆಲ್ಲಿದರು. ನನ್ನ ಸೆರಗನ್ನು ತಮ್ಮ ಓಢಣಿಗೆ ತಿಕ್ಕಿ ಅದರ ಮೇಲೆ ಹಿಡಿದರು. ಚಟಚಟ ಎಂದಿತು. ಕಾಗದದ ಚೂರುಗಳು ನೆಲದಿಂದ ಎದ್ದು ಸೆರಗಿಗೆ ಅಂಟಿದವು.

"ನೋಡ್ರಿ ಅಕ್ಕಾ, ಇಂಥಾ ಬ್ಯಾಸಿಗಿ ದಿನದಾಗ ನಿಮ್ಮ ಸೆರಗಿನ್ಯಾಗ ಸಿಡಿಲ ಅದ. ಪಾಪ, ಈ ಕೂಸು ಅದನ್ನ ತಡಕೊಳ್ಳಲಿಲ್ಲ."

ಹೊಸದು ಹೈದರಾಬಾದಿನಿಂದ ಬರಲು ಇನ್ನೊಂದು ವಾರ. ಕಾಲುವೆಗೆ ನೀರು ನಿಲ್ಲುವುದು ಸೋಮವಾರ. ನಿಮ್ಮ ತಾಯಿ ಗೋಡೆಗೆ ಮುಖ ಮಾಡಿ ಕುಳಿತಳು. ಕಕ್ಕೇರಾಕ್ಕೆ ಹೋಗಲು ಯಾವ ಟ್ರಂಕಿನಲ್ಲಿ ಏನು ತುಂಬಬೇಕೆಂದು ನಾನು ಮನಸ್ಸಿನಲ್ಲೇ ಹೊಂದಿಸತೊಡಗಿದ್ದೆ. ಆಪಾ ಚಪ್ಪಲಿ ಮೆಟ್ಟುತ್ತ, "ನಾಳೆ ಅಂಗಡಿಗೆ ಬರ್ರಿ. ಮತ್ತ ಹತ್ತಿ ಸೀರಿ ಉಟ್ಟ ಬರ್ರಿ" ಎಂದಷ್ಟೇ ಹೇಳಿ ಹೋದರು.

ಮರುದಿನ ಹಳೆಯ ಹತ್ತಿಯ ಇಳಕಲ್ ಸೀರೆ ಉಟ್ಟು ಹೋದೆ. ಅಂಗಡಿಯ ಮೂಲೆಯಲ್ಲಿ ಸದಾ ಕಾರು ಓಡುತ್ತಿದ್ದ ಕಂಪ್ಯೂಟರ್ ಸುಮ್ಮನಿತ್ತು. ಅದರ ಬಾಗಿಲು ತೆರೆದಿತ್ತು. ಆಪಾ ಬೆಳ್ಳಿ ಬಣ್ಣದ ಚೀಲವೊಂದನ್ನು ಹಿಡಿದು ನಿಂತಿದ್ದರು.

"ಸೆರಗ ಒಡ್ಡ್ರಿ ಅಕ್ಕಾ."

ನಾನು ಹಿಂದೆ ಸರಿದೆ. ನಿಮ್ಮ ಅಜ್ಜ ಹೋದ ಮೇಲೆ ಯಾರೂ ನನಗೆ ಉಡಿ ತುಂಬಿರಲಿಲ್ಲ. ಮದುವೆ ಮನೆಗಳಲ್ಲಿ ಮುತ್ತೈದೆಯರು ಸೆರಗು ಒಡ್ಡಿ ಸಾಲಾಗಿ ನಿಂತಾಗ ನಾನು ಅಡುಗೆ ಮನೆಗೆ ಎದ್ದು ಹೋಗುತ್ತಿದ್ದೆ. "ನಮಗ ತುಂಬಂಗಿಲ್ಲರಿ ಆಪಾ" ಎಂದೆ.

"ಗೊತ್ತದರಿ. ನಾ ಏನ್ ಬ್ಯಾರೆ ಊರಾಗ ಹುಟ್ಟೀನೇನು? ಅಕ್ಕಿ ಬ್ಯಾಡ ಅಂದಾರ, ಕಾಯಿ ಬ್ಯಾಡ ಅಂದಾರ. ರ‍್ಯಾಮ್ ಬ್ಯಾಡ ಅಂತ ನಿಮ್ಮ ಯಾವ ಅಯ್ಯನೋರು ಹೇಳ್ಯಾರ, ಹೆಸರ ಹೇಳ್ರಿ ನೋಡೂಣು."

ನಗಬೇಕೋ ಅಳಬೇಕೋ ತಿಳಿಯದೆ ಸೆರಗು ಒಡ್ಡಿದೆ. ಆಪಾ ಚೀಲವನ್ನು ಅದರಲ್ಲಿಟ್ಟರು, ಮೇಲೊಂದು ಬೆಲ್ಲದ ಹೆಂಟೆ ಇಟ್ಟರು. "ನಂದ ಬಿಚ್ಚಿ ಕೊಡಾಕತ್ತೀನಿ. ಹೈದರಾಬಾದಿಂದ ನಿಮ್ದು ಬರ್ತದಲ್ಲ, ಅದು ನನಗ. ಅಲ್ಲಿತನಕ ನನ್ನ ಕಾರು ರಜಾ ಮ್ಯಾಲೆ ಇರಲಿ. ಚೀಲ ಮಾತ್ರ ಬಿಚ್ಚಬ್ಯಾಡ್ರಿ ನಮ್ಮವ್ವಾ!"

ಅವರೂ ನನ್ನ ಹಿಂದೆಯೇ ನಮ್ಮ ಖೋಲಿಗೆ ಬಂದರು. ಈ ಸಲ ಪರದೆ ಬೆಳಗಿತು. ಬೇಕಾದ ಪ್ರೋಗ್ರಾಮುಗಳನ್ನೆಲ್ಲ ಹಾಕಿದ ಮೇಲೆ ನಿಮ್ಮ ತಾಯಿ ನಕ್ಷೆಯದನ್ನು ತೆರೆಯಹೋದಳು. ಆಪಾ ಅವಳ ಕೈ ಹಿಡಿದು ನಿಲ್ಲಿಸಿದರು. "ಮೊದಲ ಆಟ. ಆಟದಾಗ ಭಾಳ ಬಿಸಿ ಆಗತದ. ಅದನ್ನ ತಡಕೊಂಡ್ರ ಕೆಲಸಾನೂ ತಡಕೊಂತದ."

ನಿಮ್ಮ ತಾಯಿ ಕಾರು ಓಡಿಸಿದಳು. ಎಡಕ್ಕೆ ತಿರುಗಿತು. ನೋಡಿದರೆ ನನ್ನ ಮೈಯೂ ಎಡಕ್ಕೆ ವಾಲಿತ್ತು. ಅವಳು ಅದನ್ನು ಕಂಡಳು. ಒಂದು ಗಳಿಗೆ ನನ್ನನ್ನೇ ನೋಡಿ, ಫಕ್ಕನೆ ನಕ್ಕಳು. "ಅವ್ವಾ, ನೀ ಒಂದ್ಸಲ ಹಿಡಿ" ಎಂದು ಕೀಲಿಮಣೆಯನ್ನು ನನ್ನ ಮುಂದೆ ತಳ್ಳಿದಳು. ಸೈಕಲ್ಲನ್ನೂ ಹತ್ತದ ನಾನು ಕಾರನ್ನು ನೇರವಾಗಿ ನೀರಿಗೆ ಇಳಿಸಿದೆ.

"ಮಗಳಿಗೆ ಕೆಲಸ ಸಿಗಲಿ ಅಂತ ಈಗಿಂದ ಕಾಲುವಿ ಒಡಿಯಾಕತ್ತೀರೇನ್ರಿ ಅಕ್ಕಾ?" ಎಂದರು ಆಪಾ. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಬಾಗಿಲು ತೆರೆದೇ ಇತ್ತು. ಮಂದಿ ಏನಂದರೋ, ನನಗೆ ಕೇಳಿಸಲಿಲ್ಲ.

ಸೋಮವಾರ ಕಾಲುವೆಯ ನೀರು ನಿಂತಿತು. ಕೊಂಕಲ್ ಕಡೆಯ ಹೊಲಗಾಲುವೆಗಳ ನಕ್ಷೆ ನಿಮ್ಮ ತಾಯಿಯ ಕೈಗೆ ಬಂತು. ಮುಂದಿನದೆಲ್ಲ ನೀವು ಕಂಡದ್ದೇ. ಇಂದು ಸುರಪುರದಲ್ಲಿ ಅವಳದೇ ಆಫೀಸಿದೆ, ನಾವು ಕಕ್ಕೇರಾಕ್ಕೆ ಹಬ್ಬಕ್ಕೆ ಮಾತ್ರ ಹೋಗುತ್ತೇವೆ.

ಶಹಾಪುರದ ಆ ಅಂಗಡಿ ರಸ್ತೆ ಅಗಲ ಮಾಡುವಾಗ ಹೋಯಿತು. ಆಪಾ ತಮ್ಮನ ಮನೆಗೆಂದು ಹೈದರಾಬಾದಿಗೆ ಹೋದರು. ಕೆಲವು ವರ್ಷ ಹಬ್ಬಕ್ಕೆ ಫೋನು ಮಾಡುತ್ತಿದ್ದೆವು. ಒಂದು ರಂಜಾನಿಗೆ ಮಾಡಿದಾಗ ಬೇರೆ ಯಾರೋ ಎತ್ತಿದರು, ಆಪಾ ತೀರಿಕೊಂಡು ಆರು ತಿಂಗಳಾಯಿತು ಎಂದರು... ನಮಗೆ ತಿಳಿಸಬೇಕೆಂದು ಅವರಿಗೆ ಹೇಗೆ ಗೊತ್ತಾಗಬೇಕು? ನಾವು ರಕ್ತಸಂಬಂಧಿಗಳಲ್ಲವಲ್ಲ. ಒಂದು ಸಲ ನಾನೂ ಅವರ ಉಡಿ ತುಂಬಬೇಕೆಂದಿದ್ದೆ. ಆಗಲೇ ಇಲ್ಲ.

ಮೊನ್ನೆ ನಿಮ್ಮ ಜಗಳ ಮುಗಿಯದಿದ್ದಾಗ ನಾನು ಒಳಗೆ ಹೋಗಿ ಬೆಲ್ಲ ತಂದೆ, ನೆನಪಿದೆಯೇ? ಅಕ್ಕನಿಗೆ ಓಢಣಿ ಒಡ್ಡಲು ಹೇಳಿದೆ. "ಯಾಕಜ್ಜಿ?" ಎಂದಳು. "ಹತ್ತೀದು ಹೌದಲ್ಲ? ಒಡ್ಡವಾ ಮೊದಲ" ಎಂದು ಆ ರ‍್ಯಾಮಿನ ಚೀಲವನ್ನೂ ಬೆಲ್ಲವನ್ನೂ ಅದರಲ್ಲಿಟ್ಟೆ. "ಮತ್ತ ನನಗ?" ಎಂದು ತಮ್ಮ ಅಂಗಿಯ ಚುಂಗು ಹಿಡಿದು ನಿಂತ. ಅವನಿಗೂ ಒಂದು ಚೂರು ಬೆಲ್ಲ ಹಾಕಿದೆ. ಗಂಡು ಹುಡುಗರಿಗೆ ಉಡಿ ತುಂಬುವ ಪದ್ಧತಿ ನಮ್ಮಲ್ಲಿಲ್ಲ. ನನ್ನಂಥವಳು ತುಂಬುವ ಪದ್ಧತಿಯೂ ಇಲ್ಲ. ನೀವಿಬ್ಬರೂ ಅದನ್ನು ಕೇಳಲೇ ಇಲ್ಲ, ಬೆಲ್ಲ ತಿಂದಿರಿ.

ಇನ್ನು ಆ ಕಾರ್ಡಿನ ಮಾತು. ಒಲೆ ನೋಡಿ ಹಂಚು ತನ್ನಿ, ಎರಡಕ್ಕೂ ಒಂದೇ ಸಾಕು. ಎಲ್ಲ ಜೋಡಿಸಿದ ದಿನ ಮೊದಲು ಆಟ, ಆಮೇಲೆ ಕೆಲಸ. ಆಗ ನನ್ನನ್ನೂ ಕರೆಯಿರಿ. ಕಾರನ್ನು ಈ ಸಲವೂ ನಾನು ನೀರಿಗೇ ಇಳಿಸುತ್ತೇನೆ. ಅದನ್ನು ಕಂಡು ಎಲ್ಲರಿಗಿಂತ ಜೋರಾಗಿ ನಗಬೇಕಾದವರು ಇಲ್ಲ... ಅವರ ಪಾಲಿನದನ್ನೂ ನೀವೇ ನಕ್ಕುಬಿಡಿ.