ಮಗಳಿಗೆ ಕಲಿಸಿದ ಎರಡು ವಾಕ್ಯ

ನನ್ನ ಮಗಳು ಶಿಶುವಿಹಾರದಲ್ಲಿ ಮಾತು ನಿಲ್ಲಿಸಿದ್ದು ಯಾವ ವಾರದಲ್ಲಿ ಎಂಬುದು ನನಗೆ ಖಚಿತವಾಗಿ ಗೊತ್ತು. ಅದಕ್ಕೆ ದಾಖಲೆ ಇದೆ.

೨೦೧೦ರ ದಶಕದ ನಡುವಿನ ವರ್ಷಗಳವು. ಹೆಂಡತಿಗೆ ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ನ ವಿಮಾನ ಎಂಜಿನ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಬೆಂಗಳೂರಿನ ಪತ್ರಿಕೆಯೊಂದರ ಸುದ್ದಿ ಡೆಸ್ಕ್ ಬಿಟ್ಟು ನಾನೂ ಜೊತೆಗೆ ಬಂದಿದ್ದೆ. ನಾಲ್ಕು ವರ್ಷದ ಮಗಳನ್ನು ಬೆಳಿಗ್ಗೆ ಡಾಗಿಸ್‌ಗೆ, ಅಂದರೆ ಅಲ್ಲಿನ ಶಿಶುವಿಹಾರಕ್ಕೆ, ಬಿಡುವುದು, ಸಂಜೆ ಕರೆತರುವುದು, ಅಡುಗೆ ಎಲ್ಲ ನನ್ನ ಪಾಲಿಗೆ. ಅವಳು ಅಲ್ಲಿ ಎಲ್ಲರೊಡನೆ ಸ್ವೀಡಿಷ್‌ನಲ್ಲಿ ಹರಟುತ್ತಿದ್ದಳು. ಮನೆಯಲ್ಲಿ ನಾನು ಅನ್ನ ಸಾರು ಕಲಸಿ ಕೈತುತ್ತು ಹಾಕುತ್ತಿದ್ದೆ. ನಮ್ಮಿಬ್ಬರ ನಡುವೆ ಮಲಗುತ್ತಿದ್ದಳು.

ಅಕ್ಟೋಬರ್‌ನ ಒಂದು ಭಾನುವಾರ ಹೆಂಡತಿಯ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಊಟ. ಅವರು ಭಟ್ಕಳದವರು. ನಾನು ಅವರನ್ನು ಭಾಯ್ ಎನ್ನುತ್ತಿದ್ದೆ. ಪತ್ರಿಕೆಯವನೆಂದು ಅವರು ನನ್ನನ್ನು ಸಾರ್ ಎಂದು ಕಿಚಾಯಿಸುತ್ತಿದ್ದರು. ನಾನು ಮಗಳ ಬಾಯಿಗೆ ಬಿರಿಯಾನಿಯ ತುತ್ತು ಇಡುವುದನ್ನು ಅವರು ನೋಡಿದರು.

"ಏನ್ ಸಾರ್, ಈ ಸೇವೆ ಇನ್ನೂ ನಡೀತಿದ್ಯಾ? ಇವಳು ಡಾಗಿಸ್‌ನಲ್ಲಿ ಬಾಯಿ ಬಿಟ್ಲು ಅಂದ್ರೆ ನಿಮ್ ಕಥೆ ಮುಗೀತು."

"ಯಾಕೆ ಭಾಯ್, ನಿಮಗೂ ಒಂದು ತುತ್ತು ಬೇಕಾ?"

"ಜೋಕ್ ಅಲ್ಲ ಸಾರ್. ಇಲ್ಲೇ ಸ್ವೀಡನ್ನಿನ ನಾರ್ತ್ ಕಡೆ ಒಂದು ಇಂಡಿಯನ್ ಫ್ಯಾಮಿಲಿ. ಕೈಯಲ್ಲಿ ತಿನ್ನಿಸ್ತಾರೆ, ಒಂದೇ ಬೆಡ್‌ನಲ್ಲಿ ಮಲಗಿಸ್ತಾರೆ ಅಂತ ಕಮ್ಯೂನ್‌ನವರು ಮಗೂನೇ ಎತ್ಕೊಂಡ್ ಹೋದ್ರಂತೆ."

ಕಮ್ಯೂನ್ ಎಂದರೆ ಊರಿನ ಆಡಳಿತ. ಹೆಂಡತಿ ಊಟ ನಿಲ್ಲಿಸಿದಳು. ಆ ಕುಟುಂಬ ಯಾವುದು, ಯಾರಿಂದ ತಿಳಿಯಿತು ಎಂದು ನಾನು ಕೇಳಲಿಲ್ಲ. ಡೆಸ್ಕ್‌ನಲ್ಲಿದ್ದಾಗ ಇಂಥ ಸುದ್ದಿಯನ್ನು ಒಳಪುಟದ ಮೂಲೆಗೂ ಬಿಡುತ್ತಿರಲಿಲ್ಲ.

ಮಾರನೆಯ ದಿನವೇ ಒಂದು ಪುಟ್ಟ ಮಂಚ ತಂದು, ಹೊದಿಕೆ ಮಡಚಿಟ್ಟು, ಬಂದವರ ಕಣ್ಣಿಗೆ ಬೀಳುವಂತೆ ಹಾಕಿದೆವು. ಮಗಳು ಅದರಲ್ಲಿ ಒಂದು ದಿನವೂ ಮಲಗಲಿಲ್ಲ. ಊಟದ ಹೊತ್ತಿನಲ್ಲಿ ಅವಳಿಗೆ ಎರಡು ಸ್ವೀಡಿಷ್ ವಾಕ್ಯಗಳನ್ನು ಬಾಯಿಪಾಠ ಮಾಡಿಸಿದೆವು. ನಾನು ನನ್ನ ಹಾಸಿಗೆಯಲ್ಲಿ ಮಲಗುತ್ತೇನೆ. ನನ್ನ ಊಟ ನಾನೇ ಮಾಡುತ್ತೇನೆ. ತಪ್ಪಿಲ್ಲದೆ ಹೇಳಿದಾಗಲೆಲ್ಲ ನಾನು ಒಂದು ತುತ್ತು ಹಾಕುತ್ತಿದ್ದೆ.

"ಬೇರೆ ಏನಾದ್ರೂ ಕೇಳಿದ್ರೆ?" ಎಂದು ಹೆಂಡತಿ ಕೇಳುವಳು.

"ಸುಮ್ನಿರ್ಬೇಕು," ಎಂದು ಮಗಳು ಹೇಳುವಳು.

ಆಮೇಲೆ ಎಲ್ಲವೂ ಬೇರೆಯಾಗಿ ಕಾಣತೊಡಗಿತು. ಮಗುವಿಗೆ ಚೆನ್ನಾಗಿ ನಿದ್ದೆ ಬಂತಾ ಎಂದು ಟೀಚರ್ ದಿನವೂ ಕೇಳುತ್ತಿದ್ದ ಮಾತು ವಿಚಾರಣೆಯಂತೆ ಕೇಳಿಸಿತು. ಅವರು ನೋಟ್‌ಬುಕ್ಕಿನಲ್ಲಿ ಏನೋ ಗೀಚಿದರೆ ಅದು ನಮ್ಮ ಮೇಲಿನ ವರದಿಯೆಂದುಕೊಂಡೆವು. ಪೋಷಕರನ್ನು ಫೀಕಾಕ್ಕೆ, ಅಂದರೆ ಕಾಫಿ ಕೂಟಕ್ಕೆ, ಕರೆದಾಗ ಬಾಯಿ ಬಿಡಿಸುವ ಉಪಾಯವೆಂದು ತಪ್ಪಿಸಿಕೊಂಡೆವು.

ನವೆಂಬರ್‌ನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು. ನಾನು ಹೋಗುವಾಗ ಉಳಿದ ಮಕ್ಕಳು ದೀಪದ ಕೆಳಗೆ ಕೂಗಾಡುತ್ತಿದ್ದರೆ ಮಗಳು ಬೇಲಿಗೆ ಒರಗಿ, ತುಟಿ ಬಿಗಿದು ನಿಂತಿರುತ್ತಿದ್ದಳು. ಅಲ್ಲಿ ಅವಳನ್ನು ಯಾರೋ ಹೆದರಿಸುತ್ತಿದ್ದಾರೆ ಎಂದು ನಾವು ನಂಬಿದೆವು. ಮಾತಾಡಬೇಕು, ಬನ್ನಿ ಎಂದು ಟೀಚರ್ ಎರಡು ಸಲ ಕರೆದರು. ಎರಡು ಸಲವೂ ಕೆಲಸದ ನೆಪ ಹೇಳಿದೆವು.

"ನೋಡ್ದ್ಯಾ? ನಮ್ಮನ್ನ ವಾಚ್ ಮಾಡ್ತಿದಾರೆ ಕಣೋ," ಎಂದಳು ಹೆಂಡತಿ. ಅಷ್ಟು ಹೊತ್ತಿಗೆ ಅದು ನಿಜವೇ ಆಗಿತ್ತು.

ಡಿಸೆಂಬರ್‌ನಲ್ಲಿ ಕಮ್ಯೂನ್‌ನಿಂದ ಪತ್ರ ಬಂತು. ಮಗುವಿನ ಬಗ್ಗೆ ಡಾಗಿಸ್ ಕಳವಳ ವ್ಯಕ್ತಪಡಿಸಿದೆ, ಮಗುವಿನ ಜೊತೆ ಬನ್ನಿ. ಹೆಂಡತಿ ಅದನ್ನು ನಿಂತೇ ಓದಿ, ಮಗಳನ್ನು ಎತ್ತಿಕೊಂಡಳು. ಬಹಳ ಹೊತ್ತು ಕೆಳಗಿಳಿಸಲಿಲ್ಲ.

ಕೋಣೆಯಲ್ಲಿ ಒಬ್ಬ ಮಹಿಳಾ ಅಧಿಕಾರಿ, ಜೊತೆಗೆ ಟೀಚರ್. ಟೀಚರ್ ತಮ್ಮ ನೋಟ್‌ಬುಕ್ ತೆರೆದು ಮಗಳ ಪುಟಗಳನ್ನು ಓದಿದರು. ದಿನಕ್ಕೊಂದು ಸಾಲು. ಹಾಡಿದಳು. ಸಲಿಕೆಗಾಗಿ ಜಗಳವಾಡಿದಳು. ಗಂಜಿ ಎರಡನೇ ಸಲ ಕೇಳಿದಳು. ಅಕ್ಟೋಬರ್‌ನ ಒಂದು ಬುಧವಾರ: ಮಾತಾಡಲಿಲ್ಲ. ಗುರುವಾರ: ಮಾತಾಡಲಿಲ್ಲ. ಮುಂದಿನ ಪುಟಗಳಲ್ಲಿಯೂ ಅದೇ ಸಾಲು. ನಾನು ದಿನಾಂಕ ನೋಡಿದೆ. ಭಾಯ್ ಮನೆಯ ಊಟವಾಗಿ ಮೂರನೆಯ ದಿನ.

ಅಧಿಕಾರಿ ನೆಲದ ಮೇಲೆ ಮಗಳ ಪಕ್ಕ ಕೂತು, ಅವಳ ಕೈಯಲ್ಲಿದ್ದ ಗೊಂಬೆಯ ಹೆಸರೇನು ಎಂದು ಕೇಳಿದರು. ಮಗಳು ನನ್ನ ಮುಖ ನೋಡಿದಳು. ಆಮೇಲೆ ಸ್ಪಷ್ಟವಾಗಿ, ಒಂದೊಂದೇ ಪದ ಬಿಡಿಸಿ ಹೇಳಿದಳು: "ನಾನು ನನ್ನ ಹಾಸಿಗೆಯಲ್ಲಿ ಮಲಗುತ್ತೇನೆ."

ಮಲಗುವ ವಿಷಯವನ್ನು ಅವಳಲ್ಲಿ ಯಾರೂ ಕೇಳಿರಲಿಲ್ಲ. ಅಧಿಕಾರಿ ತಲೆಯೆತ್ತಿ ನನ್ನನ್ನು ನೋಡಿದರು.

ನಾವೇ ಕಲಿಸಿದ್ದು ಎಂದೆ. ಯಾಕೆ ಎಂದು ಕೇಳಿದರು. ಉತ್ತರದ ಕಡೆಯ ಆ ಇಂಡಿಯನ್ ಕುಟುಂಬದ ಕಥೆ ಹೇಳಿದೆ. ನಿಮಗೆ ಹೇಳಿದ್ದು ಯಾರು, ಅವರಿಗೆ ಹೇಳಿದ್ದು ಯಾರು ಎಂದರು. ವರ್ಷಗಟ್ಟಲೆ ವರದಿಗಾರರಿಗೆ ನಾನು ಹಾಕುತ್ತಿದ್ದ ಪ್ರಶ್ನೆ. ನಾನು ಅದನ್ನು ಕೇಳಿಯೇ ಇಲ್ಲ ಎಂದೆ.

"ನನ್ನ ಮಗನೂ ನನ್ನ ಪಕ್ಕದಲ್ಲೇ ಮಲಗುತ್ತಾನೆ," ಎಂದು ಅವರು ನಿಧಾನವಾಗಿ ಹೇಳಿದರು. "ಅದನ್ನು ನಾನು ಬರೆದುಕೊಳ್ಳುವುದಿಲ್ಲ. ಮಾತಾಡಲು ಹೆದರುವ ಮಗುವಿನ ಬಗ್ಗೆ ಬರೆಯಲೇಬೇಕಾಗುತ್ತದೆ." ಸದ್ಯಕ್ಕೆ ತನಿಖೆ ಇಲ್ಲ, ಫೆಬ್ರವರಿಯಲ್ಲಿ ಮತ್ತೆ ನೋಡೋಣ ಎಂದರು.

ಹೊರಗೆ ಹಿಮ ಕರಗಿ ಕೆಸರಾಗಿತ್ತು. ಮಗಳು ನಮ್ಮಿಬ್ಬರ ಕೈ ಹಿಡಿದು ಸ್ವಲ್ಪ ದೂರ ನಡೆದು ನಿಂತಳು.

"ಅಪ್ಪಾ, ಸರಿಯಾಗಿ ಹೇಳಿದ್ನಾ?"

ಹೌದು ಎಂದರೆ ಏನಾಗುತ್ತದೆ, ಇಲ್ಲ ಎಂದರೆ ಏನಾಗುತ್ತದೆ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಹೆಂಡತಿ ಬೇರೆ ಕಡೆ ನೋಡುತ್ತಿದ್ದಳು. ಮಗಳು ನನ್ನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. ತಾನು ತಪ್ಪು ಹೇಳಿದೆನೆಂದುಕೊಂಡಳೇನೋ. ತುಟಿ ಬಿಗಿದಳು.

ಮನೆ ತಲುಪಿ ಕೋಟು ಬಿಚ್ಚಿದೆವು. ಹಸಿವಾ ಎಂದು ಕೇಳಿದೆ. ಅವತ್ತು ಅವಳು ಕನ್ನಡದಲ್ಲೂ ಮಾತಾಡಲಿಲ್ಲ.