ಎರಡು ಪರದೆ ಜೋಡಿಸಿದವನು

ಗದಗಿನ ಸ್ಕ್ಯಾನಿಂಗ್ ಸೆಂಟರಿನಲ್ಲಿ ನಾನು ರಿಪೋರ್ಟ್ ಟೈಪ್ ಮಾಡುತ್ತಿದ್ದೆ. ಕಂಪ್ಯೂಟರ್ ಕೆಟ್ಟರೆ ಬೆಟಗೇರಿಯಿಂದ ರಿಪೇರಿಯವನೊಬ್ಬ ಬರುತ್ತಿದ್ದ. ಯಾವ ವೈರಿನ ತುದಿಯನ್ನೂ ಅಂಗಿಯ ಚುಂಗಿನಿಂದ ಒರೆಸದೆ, ಉಫ್ ಎಂದು ಊದದೆ ಚುಚ್ಚಿದವನಲ್ಲ. ಏನೇ ಕೆಟ್ಟಿರಲಿ, ಅವನದು ಒಂದೇ ಮಾತು: "ದೊಡ್ಡ ಕೆಲಸ ಅಲ್ಲ ಬಿಡ್ರಿ ಅಕ್ಕಾರ."

ಡಾಕ್ಟರ ಲ್ಯಾಪ್‌ಟಾಪಿಗೆ ಎರಡು ಮಾನಿಟರ್ ಜೋಡಿಸಿದವನೂ ಅವನೇ. ಮೊದಲು ಎರಡರಲ್ಲೂ ಒಂದೇ ಚಿತ್ರ ಮೂಡಿತು. ಡಾಕ್ಟರು ರೇಗಿದರು: "ಎರಡರಾಗೂ ಒಂದ ಬಂದ್ರ ನನಗೇನು ಉಪಯೋಗ? ಒಂದರಾಗ ಹಳೇ ಸ್ಕ್ಯಾನ್, ಇನ್ನೊಂದರಾಗ ಹೊಸಾದು ಬೇಕು. ರೋಗ ಎಷ್ಟು ಬೆಳದೈತಿ ಅಂತ ನೋಡಬೇಕಲ್ಲ?" ಅವನು ಸೆಟಿಂಗ್ ಬದಲಿಸಿ, ಒಂದು ಚಿತ್ರವನ್ನು ಎಡ ಪರದೆಯಿಂದ ಬಲ ಪರದೆಗೆ ಮೌಸಿನಿಂದ ಎಳೆದು ತೋರಿಸಿ, ಹಲ್ಲು ಬಿಟ್ಟು ನಕ್ಕ.

ಆರು ತಿಂಗಳ ಮೇಲೆ ಅದೇ ಕೋಣೆಯಲ್ಲಿ ಅವನು ಡಾಕ್ಟರ ಕುರ್ಚಿಯ ಹಿಂದೆ ನಿಂತಿದ್ದ. ಎಡಕ್ಕೆ ಅವನ ಹೆಂಡತಿಯ ಹಳೆಯ ಸ್ಕ್ಯಾನ್, ಬಲಕ್ಕೆ ಆವತ್ತಿನದು. ಎಡದಲ್ಲಿ ಕಡಲೆಕಾಳಿನಷ್ಟಿದ್ದ ಗಡ್ಡೆ ಬಲದಲ್ಲಿ ನಿಂಬೆಹಣ್ಣಿನಷ್ಟಾಗಿತ್ತು. ಅದನ್ನು ತಿಳಿಯಲು ಯಾರೂ ಡಾಕ್ಟರೇ ಆಗಬೇಕಿರಲಿಲ್ಲ. ಅವಳು ಹೊರಗೆ ಬೆಂಚಿನ ಮೇಲೆ ಕೂತಿದ್ದಳು.

ಡಾಕ್ಟರು ಕನ್ನಡಕ ತೆಗೆದಿಟ್ಟು ನನಗೆ ಹೇಳಿದರು: "ಆಕೀನ ಒಳಗ ಕರೀರಿ."

"ಒಂದ್ ನಿಮಿಷ ತಡೀರಿ ಸಾಹೇಬ್ರ," ಎಂದು ಅವನು ಬಗ್ಗಿ ಬಲ ಮಾನಿಟರಿನ ವೈರ್ ಕಿತ್ತ. ಪರದೆ ಕಪ್ಪಾಯಿತು. ವೈರಿನ ತುದಿಯನ್ನು ಅಂಗಿಯ ಚುಂಗಿನಿಂದ ಒರೆಸುತ್ತ ಹೇಳಿದ: "ಆಕಿ ಒಳಗ ಬರೂದ್ರಾಗ ಎರಡರಾಗೂ ಹಳೇದ ಬರೂ ಹಂಗ ಮಾಡ್ತೀನ್ರಿ. ದೊಡ್ಡ ಕೆಲಸ ಅಲ್ಲ."