ಜನವರಿಯಲ್ಲಿ ಮುಕ್ತಿನಾಥಕ್ಕೆ

ಹೊಸದುರ್ಗದ ಹೈಸ್ಕೂಲೊಂದರಲ್ಲಿ ಗುಮಾಸ್ತನಾಗಿದ್ದ ರವೀಂದ್ರನಿಗೆ ಸಂಬಳವಿಲ್ಲದ ಇನ್ನೊಂದು ಕೆಲಸವಿತ್ತು. ಊರಿನಲ್ಲಿ ಯಾರು ಕಾಶಿಗೆ ಹೊರಟರೂ, ರಾಮೇಶ್ವರಕ್ಕೆ ಹೊರಟರೂ ಮೊದಲು ಅವನ ಮನೆಯ ಜಗಲಿಗೆ ಬಂದು ಕೂರುತ್ತಿದ್ದರು. ಅವನು ರೈಲ್ವೆ ವೇಳಾಪಟ್ಟಿಯ ದಪ್ಪ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು, ಯಾವ ಛತ್ರದಲ್ಲಿ ಬಿಸಿನೀರು ಸಿಗುತ್ತದೆ ಎಂಬುದನ್ನೆಲ್ಲ ದುಂಡಗಿನ ಅಕ್ಷರದಲ್ಲಿ ಬರೆದುಕೊಡುತ್ತಿದ್ದ. ತೊಂಬತ್ತೊಂದರಲ್ಲಿ ಹದಿನಾಲ್ಕು ಜನರನ್ನು ತಾನೇ ಕಾಶಿಗೆ ಕರೆದುಕೊಂಡು ಹೋಗಿ ಬಂದ. ಒಂದು ರೈಲೂ ತಪ್ಪಲಿಲ್ಲ, ಒಂದು ಚೀಲವೂ ಕಳೆಯಲಿಲ್ಲ. ರವೀಂದ್ರ ಹಾಕಿದ ಪ್ಲಾನು ತಪ್ಪುವುದೇ ಇಲ್ಲ ಎಂದು ಜನ ಮಾತಾಡಿಕೊಂಡರು. ಆ ಮಾತು ಅವನ ಕಿವಿಗೂ ಬಿತ್ತು. ಬಿದ್ದದ್ದು ಅಲ್ಲೇ ಉಳಿಯಿತು.

ತೊಂಬತ್ತೇಳರ ಮಳೆಗಾಲದಲ್ಲಿ ಅವನ ಹೆಂಡತಿ ಸುಮಾಳ ದೊಡ್ಡಮ್ಮ ಈರಕ್ಕ ಬಂದಳು. ಹಿರಿಯೂರು ತಾಲ್ಲೂಕು ಧರ್ಮಪುರದ ಕಡೆಯವಳು, ಅರವತ್ತೈದು ದಾಟಿದ ಹೆಂಗಸು. ಹುಟ್ಟಿದ್ದು, ಬೆಳೆದದ್ದು, ಬಾಳಿದ್ದು ಎಲ್ಲ ಕುರಿಗಳ ಜೊತೆ. ಅವಳಿಗೆ ಯಾರೋ ನೇಪಾಳದ ಮುಕ್ತಿನಾಥದ ವಿಷಯ ಹೇಳಿದ್ದರು. ಹಿಮದ ಬೆಟ್ಟದ ಮಗ್ಗುಲಲ್ಲಿ ದೇವಸ್ಥಾನ, ಅದರ ಸುತ್ತ ನೂರೆಂಟು ಬಾಯಿಂದ ನೀರು ಬೀಳುತ್ತದೆ, ಪಕ್ಕದ ಗುಡಿಯಲ್ಲಿ ಕಲ್ಲಿನ ಸಂದಿಯಿಂದ ಬೆಂಕಿ ಉರಿಯುತ್ತದೆ ಎಂದು.

"ಹಿಮದಾಗೆ ಬೆಂಕಿ ಉರಿತೈತಂತೆ ಕಣಪ್ಪ. ಅದೊಂದು ನೋಡ್ಬೇಕು," ಎಂದಳು.

"ಚಳಿ ತಡಿತೀಯಾ ದೊಡ್ಡಮ್ಮ?"

"ಧನುರ್ಮಾಸದಾಗೆ ಹೊಲದಾಗೆ ಕುರಿ ಮಧ್ಯ ಮಲಗಿದೋಳು ನಾನು. ಚಳಿ ನಂಗೇನು ಹೊಸದಾ?"

ರವೀಂದ್ರನಿಗೆ ಹುರುಪು ಬಂತು. ಹೊರದೇಶಕ್ಕೆ ಅವನು ಅದುವರೆಗೆ ಯಾರನ್ನೂ ಕರೆದುಕೊಂಡು ಹೋಗಿರಲಿಲ್ಲ. ಚಿತ್ರದುರ್ಗದ ಲೈಬ್ರರಿಯಲ್ಲಿ ಕೂತು ನಕಾಶೆ ನೋಡಿ ಬರೆದುಕೊಂಡ. ಗುಂತಕಲ್ಲಿನಲ್ಲಿ ರೈಲು ಹತ್ತುವುದು, ಝಾನ್ಸಿಯಲ್ಲಿ ಬದಲಿಸಿ ಗೋರಖಪುರ, ಅಲ್ಲಿಂದ ಬಸ್ಸಿನಲ್ಲಿ ಗಡಿ ದಾಟಿ ಪೋಖರಾ, ಪೋಖರಾದಿಂದ ಸಣ್ಣ ವಿಮಾನದಲ್ಲಿ ಬೆಟ್ಟದ ಮೇಲಕ್ಕೆ. ತಿಂಗಳು ಜನವರಿ. ಅಷ್ಟು ಹೊತ್ತಿಗೆ ಶೇಂಗಾ ಕಿತ್ತು ಮುಗಿದು ಎಲ್ಲರಿಗೂ ಬಿಡುವು. ಅದಕ್ಕಿಂತ ಮುಖ್ಯವಾಗಿ, ಚಳಿಗಾಲದಲ್ಲಿ ಅತ್ತ ಯಾತ್ರಿಕರು ಕಡಿಮೆ, ರೂಮುಗಳು ಅರ್ಧ ದರಕ್ಕೆ ಸಿಗುತ್ತವೆ ಎಂದು ಅವನು ಎಲ್ಲೋ ಓದಿದ್ದ. ಈ ಉಪಾಯ ತನ್ನೊಬ್ಬನಿಗೇ ಹೊಳೆದದ್ದು ಎಂಬಂತೆ ಅದನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಶಾಲೆಯ ಹೆಡ್‌ಮಾಸ್ಟರ್ ಮುರುಗಪ್ಪನವರು ಸ್ಟಾಫ್ ರೂಮಿನಲ್ಲಿ ನಕ್ಕುಬಿಟ್ಟರು.

"ಜನವರಿಯಾಗೆ ಯಾರಾದ್ರೂ ಹಿಮಾಲಯಕ್ಕೆ ಹೋಗ್ತಾರೇನಪ್ಪ?"

"ಯಾರೂ ಹೋಗಲ್ಲ ಅಂತಾನೇ ನಾವು ಹೋಗೋದು ಸಾರ್. ನೂಕುನುಗ್ಗಲು ಇರಲ್ಲ. ದೇವರ ಮುಂದೆ ಬೇಕಾದಷ್ಟು ಹೊತ್ತು ನಿಂತ್ಕಬೋದು," ಎಂದ ರವೀಂದ್ರ. ಮೇಷ್ಟ್ರುಗಳೆಲ್ಲ ಹೌದೆಂದು ತಲೆಯಾಡಿಸಿದರು. ಮುರುಗಪ್ಪನವರು ಎದ್ದು ತಮ್ಮ ರೂಮಿಗೆ ಹೋದರು. ಆ ದಿನ ಸಂಜೆ ರವೀಂದ್ರ ಸೈಕಲ್ಲನ್ನು ಎಂದಿಗಿಂತ ಜೋರಾಗಿ ತುಳಿದುಕೊಂಡು ಮನೆಗೆ ಬಂದ.

ಅವನೂ ಸೇರಿ ಒಂಬತ್ತು ಜನರಾದರು. ಅವರಲ್ಲಿ ಹೊಳಲ್ಕೆರೆಯ ಗುಡ್ಡಪ್ಪ ಒಬ್ಬ. ವಯಸ್ಸಿನಲ್ಲಿ ಲಾರಿಯ ಮೇಲೆ ನಾಗಪುರದವರೆಗೆ ಓಡಾಡಿ, ಈಗ ಊರಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದವನು, ಮಾತು ಕಡಿಮೆ. ರವೀಂದ್ರ ಎಲ್ಲರಿಗೂ ಪಟ್ಟಿ ಕೊಟ್ಟ. ಎರಡು ಸ್ವೆಟರ್, ಉಣ್ಣೆ ಟೋಪಿ, ಕಾಲುಚೀಲ, ಹುರಿಹಿಟ್ಟು, ಚಟ್ನಿಪುಡಿ. ಪೋಖರಾದ ವಸತಿಗೃಹಕ್ಕೂ ಮುಕ್ತಿನಾಥದ ಕೆಳಗಿನ ಹಳ್ಳಿಯ ಒಂದು ಲಾಡ್ಜಿಗೂ ಇಂಗ್ಲಿಷಿನಲ್ಲಿ ಕಾಗದ ಬರೆದ.

ಡಿಸೆಂಬರ್ ಮೂರನೇ ತಾರೀಕು ಮೇಲಿನ ಲಾಡ್ಜಿನಿಂದ ಉತ್ತರ ಬಂತು. ಶಾಲೆಯ ಆಫೀಸಿನಲ್ಲಿ ಒಬ್ಬನೇ ಕೂತು ಒಡೆದು ಓದಿದ. ನಾಲ್ಕೇ ಸಾಲು. ಪುಷ್ಯ, ಮಾಘದಲ್ಲಿ ನಾವು ಮನೆಗೆ ಬೀಗ ಹಾಕಿ ಪೋಖರಾಕ್ಕೆ ಇಳಿಯುತ್ತೇವೆ. ಇಲ್ಲಿ ಎಲ್ಲ ಲಾಡ್ಜುಗಳೂ ಮುಚ್ಚಿರುತ್ತವೆ. ವಿಮಾನದ ಭರವಸೆ ಇಲ್ಲ, ದಾರಿಯಲ್ಲಿ ಹಿಮ ಇರುತ್ತದೆ. ವಯಸ್ಸಾದವರಿದ್ದಾರೆ ಎಂದು ಬರೆದಿದ್ದೀರಿ, ದಯವಿಟ್ಟು ಚೈತ್ರದಲ್ಲಿ ಬನ್ನಿ.

ರವೀಂದ್ರ ಅದನ್ನು ಎರಡು ಸಲ ಓದಿದ. ಗೋಡೆಯಾಚೆ ಮುರುಗಪ್ಪನವರು ಯಾರಿಗೋ ಗದರುವುದು ಕೇಳಿಸುತ್ತಿತ್ತು. ಎದ್ದು ಹೋಗಿ, ಸಾರ್, ನೀವು ಹೇಳಿದ್ದೇ ಸರಿ ಎನ್ನುವುದನ್ನು ನೆನೆಸಿಕೊಂಡೇ ಅವನ ಮುಖ ಬಿಸಿಯಾಯಿತು. ಒಬ್ಬ ಲಾಡ್ಜಿನವನ ಮಾತು, ಇನ್ನೊಬ್ಬನದು ತೆರೆದಿರಬಹುದು ಎಂದುಕೊಂಡ. ಕಾಗದವನ್ನು ಮಡಿಸಿ ಅಂಗಿಯ ಒಳಜೇಬಿಗೆ ಇಟ್ಟ. ಸುಮಾಳಿಗೂ ಹೇಳಲಿಲ್ಲ.

ಜನವರಿ ಐದಕ್ಕೆ ಹೊರಟರು. ಉತ್ತರದ ಮಂಜಿನಲ್ಲಿ ರೈಲು ಹದಿನೆಂಟು ಗಂಟೆ ತಡವಾಯಿತು. ಪೋಖರಾ ತಲುಪಿದಾಗ ಎಲ್ಲರ ತುಟಿ ಒಡೆದಿತ್ತು. ಅಲ್ಲಿ ವಿಮಾನಕ್ಕಾಗಿ ನಾಲ್ಕು ದಿನ ಬೆಳಗಿನ ಆರಕ್ಕೆಲ್ಲ ಹೋಗಿ ಕಾದರು. ತಗಡಿನ ಶೆಡ್ಡಿನಂಥ ಕಟ್ಟಡ, ಕೆಳಗೆ ಸಿಮೆಂಟಿನ ನೆಲ. ಈರಕ್ಕ ಕಂಬಳಿಯ ಕೊಪ್ಪೆ ಹಾಕಿಕೊಂಡು ಗೋಡೆಗೆ ಒರಗಿ ಕೂರುತ್ತಿದ್ದಳು. ಎರಡನೆಯ ದಿನಕ್ಕೆ ಕೆಮ್ಮು ಶುರುವಾಯಿತು. ಮೂರನೆಯ ದಿನ ಸ್ವಲ್ಪ ಹೊತ್ತು ಮೋಡ ಸರಿದು ಬಿಳಿಯ ಶಿಖರವೊಂದು ಕಂಡಿತು. ಅವಳು ಎದ್ದು ನಿಂತು ಕೈಮುಗಿದಳು. "ಎಷ್ಟು ಹತ್ರ ಐತಲ್ಲೋ," ಎಂದಳು.

ನಾಲ್ಕನೆಯ ದಿನ ಕೌಂಟರಿನ ಹುಡುಗಿ ರವೀಂದ್ರನನ್ನು ಕರೆದಳು. ಅವಳಿಗೆ ಇವರನ್ನು ದಿನಾ ನೋಡಿ ಕನಿಕರ ಬಂದಿತ್ತು. ಇಷ್ಟು ವಯಸ್ಸಾದವರನ್ನು ಈ ತಿಂಗಳಲ್ಲಿ ಯಾಕೆ ಕರೆತಂದಿರಿ, ಮೇಲೆ ಎಲ್ಲ ಬಂದ್ ಆಗಿದೆ, ವಿಮಾನ ಹಾರಿದರೂ ಮಲಗಲು ಜಾಗವಿಲ್ಲ, ನಿಮಗೆ ಯಾರೂ ಹೇಳಲಿಲ್ಲವೇ ಎಂದು ಹಿಂದಿಯಲ್ಲಿ ಕೇಳಿದಳು.

ರವೀಂದ್ರ ತನ್ನವರ ಕಡೆ ತಿರುಗಿದ. ಎಂಟು ಜನರೂ ಅವನ ಬಾಯನ್ನೇ ನೋಡುತ್ತಿದ್ದರು.

"ಗಾಳಿ ಜಾಸ್ತಿ ಐತಂತೆ. ಈ ವರ್ಷ ಹಿಂಗೆ ಆಗೈತಂತೆ," ಎಂದ.

ಗುಡ್ಡಪ್ಪ ಹತ್ತಿರ ಬಂದ. "ಈ ವರ್ಷ ಮಾತ್ರನೋ, ಎಲ್ಲ ವರ್ಷನೋ? ಮೊದ್ಲೇ ಕೇಳ್ಬೇಕಿತ್ತಲ್ಲಪ್ಪ ನೀನು."

ರವೀಂದ್ರ ಬಾಯಿ ತೆರೆಯುವ ಮೊದಲೇ ಗೋಡೆಯ ಹತ್ತಿರದಿಂದ ಈರಕ್ಕ ಕೆಮ್ಮುತ್ತಾ ಹೇಳಿದಳು. "ಅವನನ್ನ ಅನ್ನಬ್ಯಾಡ ಗುಡ್ಡಪ್ಪ. ಗೊತ್ತಿದ್ದಿದ್ರೆ ಕರ್ಕಂಡು ಬತ್ತಿದ್ನಾ? ನಮಗಿಂತ ಅವನಿಗೇ ಜಾಸ್ತಿ ಬೇಜಾರಾಗೈತೆ, ಮುಖ ನೋಡು."

ಎಲ್ಲರೂ ಅವನ ಮುಖ ನೋಡಿದರು. ಅವನು ನೆಲ ನೋಡಿದ. ಎದೆಯ ಮೇಲೆ ಜೇಬಿನಲ್ಲಿ ಕಾಗದವಿತ್ತು. ಉಸಿರಾಡಿದರೆ ಅದು ಸರಪರ ಎನ್ನುವುದು ಅವರಿಗೂ ಕೇಳಿಸೀತು ಎಂದು ಹೆದರಿ ಉಸಿರು ಬಿಗಿಹಿಡಿದ.

ಮರಳಿ ಬಂದರು. ಮೂರು ದಿನದ ರೈಲಿನಲ್ಲಿ ಯಾರೂ ಅವನನ್ನು ಬೈಯಲಿಲ್ಲ. ಟೀ ಬಂದಾಗ ಮೊದಲ ಲೋಟ ಅವನಿಗೇ ಕೊಟ್ಟರು. ಗುಡ್ಡಪ್ಪ ಎದುರಿನ ಸೀಟಿನಲ್ಲಿ ಕೂತು ಆಗಾಗ ಅವನನ್ನು ನೋಡುತ್ತಿದ್ದ. ಶಾಲೆಯಲ್ಲಿ ಮುರುಗಪ್ಪನವರು, "ಪ್ರಕೃತಿ ಮುಂದೆ ಯಾರೇನು ಮಾಡಕ್ಕಾಗ್ತೈತೆ ಬಿಡಪ್ಪ," ಎಂದರು. ರವೀಂದ್ರನಿಗೆ ಆ ಸಮಾಧಾನ ಚಾಟಿ ಏಟಿನಂತೆ ಬಿತ್ತು. ಊಟ ಸೇರದಾಯಿತು. ಈರಕ್ಕನ ಕೆಮ್ಮು ಇನ್ನೂ ನಿಂತಿಲ್ಲ ಎಂದು ಸುಮಾ ಹೇಳಿದ ದಿನ ಅವನು ರಜೆ ಹಾಕಿ ಧರ್ಮಪುರದ ಬಸ್ಸು ಹತ್ತಿದ.

ಈರಕ್ಕ ಕುರಿಯ ರೊಪ್ಪದಲ್ಲಿ ತಾಯಿ ಸತ್ತ ಮರಿಯೊಂದಕ್ಕೆ ಬೇರೆ ಕುರಿಯ ಕೆಚ್ಚಲು ಹಿಡಿಸುತ್ತಿದ್ದಳು. ಅವನು ಬೇಲಿಯ ಪಕ್ಕ ನಿಂತೇ ಕಾಗದ ತೆಗೆದು ಕನ್ನಡದಲ್ಲಿ ಓದಿ ಹೇಳಿದ. ಅವಳು ಮರಿಯ ತಲೆಯಿಂದ ಕೈ ತೆಗೆಯದೆ ಕೇಳಿಸಿಕೊಂಡಳು.

"ಯಾವಾಗ ಬಂತು ಇದು?"

"ಡಿಸೆಂಬರ್ ಮೂರಕ್ಕೆ."

"ನಾವು ಹೊಂಟಿದ್ದು?"

"ಜನವರಿ ಐದು."

ಮರಿ ಕುಡಿದು ಮುಗಿಸಿತು.

"ಚೈತ್ರದಾಗೆ ಬರ್ರಿ ಅಂತ ಎಷ್ಟು ಚೆಂದಾಗಿ ಬರ್ದಾನೆ ಪುಣ್ಯಾತ್ಮ," ಎಂದಳು. ಆಮೇಲೆ ಅವನ ಕಡೆ ನೋಡಿದಳು. "ಚಳಿಗೆ ಕುಂತಿದ್ದು ಹೋಗ್ಲಿ. ನಾನು ಅಷ್ಟು ಜನದ ಮುಂದೆ ನಿನ್ನ ಪರವಾಗಿ ಮಾತಾಡ್ದೆ. ಬಾಯಿ ಮುಚ್ಕಂಡು ನಿಂತಿದ್ದೆಯಲ್ಲೋ."

"ತಪ್ಪಾಯ್ತು ದೊಡ್ಡಮ್ಮ."

"ನಂಗೆ ಹೇಳಿದ್ರೆ ಆತಾ? ಗುಡ್ಡಪ್ಪನ ಮುಂದೆ ನನ್ನ ಮಾತು ಸುಳ್ಳಾತು. ಅವನತ್ರ ಹೋಗು. ಎಲ್ಲಾರ ಮನೆಗೂ ಹೋಗು."

ಅವಳು ಊಟಕ್ಕೆ ಬಾ ಎನ್ನಲಿಲ್ಲ. ಆ ಮನೆಯಿಂದ ಅವನು ಉಣ್ಣದೆ ಹೊರಟದ್ದು ಅದೇ ಮೊದಲು.

ಮಾರನೆಯ ದಿನ ಹೊಳಲ್ಕೆರೆಗೆ ಹೋದ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವರು ಹೋಗುವವರೆಗೆ ಹಗ್ಗದ ಸುರುಳಿಗಳ ಪಕ್ಕ ನಿಂತಿದ್ದು, ಗುಡ್ಡಪ್ಪನ ಮುಂದೆ ಕಾಗದ ಬಿಚ್ಚಿಟ್ಟ. ಗುಡ್ಡಪ್ಪ ಅದನ್ನು ಮುಟ್ಟಲಿಲ್ಲ.

"ನಂಗೆ ಅವತ್ತೇ ಗೊತ್ತಾತು. ಆ ಹುಡುಗಿ ಬಂದ್ ಅಂದಿದ್ದು, ಯಾರೂ ಹೇಳಲಿಲ್ವಾ ಅಂದಿದ್ದು ನಂಗೂ ಅರ್ಥ ಆತು. ನಾಗಪುರದಾಗೆ ಹತ್ತು ವರ್ಷ ತಿರುಗಿದೋನು ನಾನು."

"ಮತ್ತೆ ಯಾಕೆ ಸುಮ್ಮನಿದ್ದೆ?"

"ಮುದುಕಿ ಮುಂದೆ ನಿನ್ನ ಮಾನ ಕಳೆಯೋದು ಬ್ಯಾಡ ಅನ್ನಿಸ್ತು. ನೀನೇ ಹೇಳ್ತೀಯೇನೋ ಅಂತ ಮೂರು ದಿನ ರೈಲಿನಾಗೆ ಎದುರಿಗೇ ಕುಂತಿದ್ದೆ." ಗುಡ್ಡಪ್ಪ ಒಳಗಿಂದ ಸ್ಟೂಲು ತಂದು ಹಾಕಿದ. "ಕುಂತ್ಕ. ಈಗಾದ್ರೂ ಬಂದ್ಯಲ್ಲ."

ರವೀಂದ್ರನಿಗೆ ಕೂರಲಾಗಲಿಲ್ಲ. ಬೈದಿದ್ದರೆ ಕೂರುತ್ತಿದ್ದ. ಉಳಿದ ಮನೆಗಳಿಗೂ ಒಂದೊಂದಾಗಿ ಹೋಗಿ ಹೇಳಿದ. ಒಬ್ಬರು ಬಾಗಿಲು ಹಾಕಿಕೊಂಡರು. ಇನ್ನೊಬ್ಬರು ನಕ್ಕು ಕಾಫಿ ಕೊಟ್ಟರು. ಕಡೆಗೆ ಸ್ಟಾಫ್ ರೂಮಿನಲ್ಲಿ, ಎಲ್ಲರೂ ಇರುವಾಗಲೇ, ಮುರುಗಪ್ಪನವರಿಗೆ ಹೇಳಿದ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಆತು, ಕೆಲಸ ನೋಡ್ಕ ಹೋಗಪ್ಪ," ಎಂದರು. ಅವನ ಜಗಲಿಗೆ ಆಮೇಲೆ ಎರಡು ವರ್ಷ ಯಾರೂ ಪ್ರವಾಸದ ಮಾತೆತ್ತಿಕೊಂಡು ಬರಲಿಲ್ಲ.

ಎರಡು ಸಾವಿರದ ಇಸವಿಯ ಚೈತ್ರದಲ್ಲಿ ಈರಕ್ಕ ಗುಡ್ಡಪ್ಪನ ಕುಟುಂಬದ ಜೊತೆ ಮುಕ್ತಿನಾಥಕ್ಕೆ ಹೋದಳು. ರೈಲು, ಬಸ್ಸುಗಳ ವಿವರ ಬರೆದುಕೊಡು ಎಂದು ಗುಡ್ಡಪ್ಪನೇ ಕೇಳಿದ. ರವೀಂದ್ರ ಬರೆದುಕೊಟ್ಟ. ನೀನೂ ಬಾ ಎಂದು ಅವರು ಕರೆಯಲಿಲ್ಲ, ಬರಲೇ ಎಂದು ಇವನೂ ಕೇಳಲಿಲ್ಲ.

ಬಂದ ವಾರಕ್ಕೆ ಈರಕ್ಕ ಹೊಸದುರ್ಗಕ್ಕೆ ಬಂದು ಪ್ರಸಾದ ಕೊಟ್ಟಳು. ನೂರೆಂಟು ಧಾರೆಗಳಲ್ಲಿ ಮೂರಕ್ಕೆ ತಲೆಯೊಡ್ಡುವಷ್ಟರಲ್ಲಿ ನೆತ್ತಿ ಮರಗಟ್ಟಿ ಹೋದದ್ದು, ಬೆಂಕಿ ಬೆರಳುದ್ದ ಮಾತ್ರ ಇದ್ದದ್ದು, ಅದೂ ನೀಲಿಯಾಗಿದ್ದದ್ದು, ಎಲ್ಲವನ್ನೂ ಸುಮಾಳಿಗೆ ಹೇಳಿದಳು. ರವೀಂದ್ರ ಬಾಗಿಲ ಪಕ್ಕ ನಿಂತು ಕೇಳಿದ. ಒಂದೆರಡು ಸಲ ಅವಳು ಮಾತಿನ ಭರದಲ್ಲಿ ಅವನ ಕಡೆಗೂ ತಿರುಗಿದಳು. ಅವನಿಗೆ ಏನೇನೋ ಕೇಳಬೇಕೆನಿಸಿತು, ಲಾಡ್ಜು ಹೇಗಿತ್ತು, ವಿಮಾನ ಎಷ್ಟು ಹೊತ್ತಿಗೆ ಹೊರಟಿತು ಎಂದು. ಕೇಳಲಿಲ್ಲ.

ಹೊರಡುವಾಗ ಅವಳ ಚೀಲ ಹಿಡಿದು ಬಸ್‌ಸ್ಟ್ಯಾಂಡಿನವರೆಗೆ ನಡೆದ. ಹಿರಿಯೂರಿನ ಬಸ್ಸು ನಿಂತಿತ್ತು. ಅವಳು ಕಿಟಕಿಯ ಪಕ್ಕ ಕೂತು, ಮುಖ ಹೊರಗೆ ಹಾಕಿ, "ನಮ್ಮೂರ ಓಬಕ್ಕ ಬದರಿಗೆ ಹೋಗ್ಬೇಕು ಅಂತಾಳೆ. ನಿನ್ನ ಹತ್ರ ಕಳಿಸ್ಲಾ?" ಎಂದಳು.

ರವೀಂದ್ರನಿಗೆ ತಲೆಯೆತ್ತಿ ಅವಳ ಕಣ್ಣು ನೋಡಲಾಗಲಿಲ್ಲ. "ಕಳಿಸು ದೊಡ್ಡಮ್ಮ," ಎಂದ, ಬಸ್ಸಿನ ಚಕ್ರ ನೋಡುತ್ತಾ.